ಸಾಲು, ಸ್ಥಾನ, ಸರ್ವೆ ನಂಬರು: ಪ್ರೋಗ್ರಾಮಿಂಗ್‌ನಲ್ಲಿ ಪಟ್ಟಿಗಳ ಕೆಲಸ

ಪ್ರೋಗ್ರಾಮಿಂಗ್‌ನಲ್ಲಿ ಪಟ್ಟಿ ಎಂದರೆ ಹಲವು ಮೌಲ್ಯಗಳನ್ನು ಒಂದೇ ಹೆಸರಿನ ಅಡಿಯಲ್ಲಿ, ಗೊತ್ತಾದ ಒಂದು ಕ್ರಮದಲ್ಲಿ ಇಟ್ಟುಕೊಳ್ಳುವ ಏರ್ಪಾಡು. ಇದರ ಜೀವ ಇರುವುದು ಕ್ರಮದಲ್ಲಿ. ಮೊದಲನೆಯದು ಯಾವುದು, ಅದರ ಮುಂದಿನದು ಯಾವುದು, ಕೊನೆಯದು ಯಾವುದು ಎಂಬ ಪ್ರಶ್ನೆಗಳಿಗೆ ಪಟ್ಟಿ ಯಾವಾಗ ಕೇಳಿದರೂ ಒಂದೇ ಉತ್ತರ ಕೊಡಬೇಕು. ಒಂದೇ ಮೌಲ್ಯ ಪಟ್ಟಿಯಲ್ಲಿ ಎರಡು ಸಲ ಬಂದರೆ ತಪ್ಪಿಲ್ಲ, ಏಕೆಂದರೆ ಎರಡೂ ಕೂತಿರುವ ಜಾಗ ಬೇರೆ ಬೇರೆ. ಪಟ್ಟಿಯಲ್ಲಿ ಏನೂ ಇಲ್ಲದಿದ್ದರೂ ಅದು ಪಟ್ಟಿಯೇ. ಅದನ್ನು ಖಾಲಿ ಪಟ್ಟಿ ಎನ್ನುತ್ತಾರೆ.

ಕರ್ನಾಟಕದಲ್ಲಿ ಕೋಟ್ಯಂತರ ಜನರ ಬದುಕಿಗೆ ತಾಗಿದ ಪಟ್ಟಿಗಳು ಯಾವುವು ಎಂದರೆ ಜಮೀನಿನ ದಾಖಲೆಗಳು. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೊಡ್ಡಬಳ್ಳಾಪುರ ತಾಲ್ಲೂಕಿನ ಮಧುರೆಯಲ್ಲಿರುವ ಒಂದು ಜಮೀನಿನ ಪಹಣಿಯನ್ನು ಆನ್‌ಲೈನ್‌ನಲ್ಲಿ ತೆಗೆಯಬೇಕಾದರೆ ಮೊದಲು ಜಿಲ್ಲೆ, ಆಮೇಲೆ ತಾಲ್ಲೂಕು, ಹೋಬಳಿ, ಗ್ರಾಮ ಎಂದು ಒಂದೊಂದನ್ನೇ ಆರಿಸುತ್ತ ಹೋಗಬೇಕು. ಕೊನೆಗೆ ಸರ್ವೆ ನಂಬರು, ಅದರ ಉಪಸಂಖ್ಯೆಯಾದ ಸರ್ನಾಕ್, ಜಮೀನಿನ ಪಾಲನ್ನು ಸೂಚಿಸುವ ಹಿಸ್ಸಾ. ಪ್ರತಿ ಹಂತದಲ್ಲೂ ತೆರೆಯ ಮೇಲೆ ಒಂದು ಪಟ್ಟಿ ಇಳಿಯುತ್ತದೆ, ಮತ್ತು ಒಂದು ಪಟ್ಟಿಯಲ್ಲಿ ಮಾಡಿದ ಆಯ್ಕೆಯ ಮೇಲೆ ಮುಂದಿನ ಪಟ್ಟಿ ಯಾವುದೆಂಬುದು ನಿಂತಿರುತ್ತದೆ. ಒಂದು ಕಾಲಕ್ಕೆ ಇವೆಲ್ಲ ಸುಮಾರು 9,000 ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿದ್ದವು. 'ಭೂಮಿ' ಯೋಜನೆಯಡಿ 2002ರ ಹೊತ್ತಿಗೆ 67 ಲಕ್ಷದಷ್ಟು ಭೂಮಾಲೀಕರಿಗೆ ಸೇರಿದ ಸುಮಾರು 2 ಕೋಟಿ ದಾಖಲೆಗಳು ಕಂಪ್ಯೂಟರಿಗೆ ಬಂದವು. ತಾಲ್ಲೂಕು ಕಚೇರಿಯ ಕಿಯೋಸ್ಕ್‌ನಲ್ಲಿ 15 ರೂಪಾಯಿಗೆ ಪಹಣಿಯ ಪ್ರತಿ ಸಿಗುವಂತಾಯಿತು. ಪಟ್ಟಿಗಳ ಜೊತೆ ಕೆಲಸ ಮಾಡುವ ಪ್ರೋಗ್ರಾಮರ್ ಕಲಿಯಬೇಕಾದ ಮೂಲಪಾಠಗಳೂ ಎಡವಬಹುದಾದ ಜಾಗಗಳೂ ಬಹುಪಾಲು ಈ ಪಹಣಿಯ ಲೋಕದಲ್ಲೇ ಸಿಗುತ್ತವೆ. ಆದ್ದರಿಂದ ಇಲ್ಲಿನ ಉದಾಹರಣೆಗಳೆಲ್ಲ ಅಲ್ಲಿಯವೇ. ಭಾಷೆ ಪೈಥಾನ್. ಗೀಡೋ ವಾನ್ ರಾಸಮ್ ಅದನ್ನು 1991ರಲ್ಲಿ ಹೊರತಂದರು. ಎನ್‌ಸಿಇಆರ್‌ಟಿಯ ಹನ್ನೊಂದನೇ ತರಗತಿಯ ಕಂಪ್ಯೂಟರ್ ಸೈನ್ಸ್ ಪಠ್ಯದಲ್ಲಿ ಪೈಥಾನ್ ಪಟ್ಟಿಗಳಿಗೆಂದೇ ಒಂದು ಅಧ್ಯಾಯವಿದೆ.

ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ಐದು ಹೋಬಳಿಗಳು. ಅವುಗಳ ಪಟ್ಟಿಯನ್ನು ಹೀಗೆ ಬರೆಯಬಹುದು:

ಹೋಬಳಿಗಳು = ["ಕಸಬಾ", "ದೊಡ್ಡಬೆಳವಂಗಲ", "ಮಧುರೆ", "ಸಾಸಲು", "ತೂಬಗೆರೆ"]

ಇದು ವಿವರಣೆಗಾಗಿ ಕನ್ನಡಕ್ಕೆ ತಿರುಗಿಸಿದ ಸಾಲಲ್ಲ, ಹೀಗೇ ಬರೆದರೆ ಓಡುವ ಪೈಥಾನ್. 2008ರಲ್ಲಿ ಬಂದ ಪೈಥಾನ್ 3ರಿಂದ ಈಚೆಗೆ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಇಡಬಹುದು. ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಮೊದಲ ಪಾಠ ಹೇಳುವವರು ಈ ಸೌಲಭ್ಯವನ್ನು ಇನ್ನೂ ಧಾರಾಳವಾಗಿ ಬಳಸಬೇಕು. ಚೌಕ ಆವರಣ ಪಟ್ಟಿಯ ಗಡಿ, ಅಲ್ಪವಿರಾಮ ಒಂದು ಅಂಶವನ್ನು ಇನ್ನೊಂದರಿಂದ ಬೇರೆ ಮಾಡುವ ಗುರುತು. ಉದ್ಧರಣ ಚಿಹ್ನೆಯೊಳಗೆ ಇರುವುದು ಪಠ್ಯ, ಚಿಹ್ನೆ ಇಲ್ಲದೆ ಬರೆದ ಅಂಕಿ ಸಂಖ್ಯೆ. ಈ ಕೊನೆಯ ಭೇದ ಈಗ ಸಣ್ಣದೆನಿಸಬಹುದು. ವಿಂಗಡಣೆಯ ಹೊತ್ತಿಗೆ ಅದು ದೊಡ್ಡದಾಗುತ್ತದೆ.

ಪಟ್ಟಿಯ ಒಂದು ಅಂಶವನ್ನು ಹೊರತೆಗೆಯಲು ಅದರ ಸ್ಥಾನಸಂಖ್ಯೆ, ಅಂದರೆ ಇಂಡೆಕ್ಸ್ ಬೇಕು. ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ. ಹೋಬಳಿಗಳು[0] ಎಂದರೆ ಕಸಬಾ. ಮಧುರೆ ಮೂರನೆಯ ಹೆಸರು, ಆದರೆ ಅದನ್ನು ಕರೆಯಬೇಕಾದದ್ದು ಹೋಬಳಿಗಳು[2] ಎಂದು. ಹೊಸಬರು ಮೊದಲು ತಡವರಿಸುವುದು ಇಲ್ಲೇ. ಇದರ ಹಿಂದೆ ಕಾರಣವಿದೆ. ಮೆಮೊರಿಯಲ್ಲಿ ಪಟ್ಟಿಯ ಮನೆಗಳು ಒಂದರ ಪಕ್ಕ ಒಂದು, ಸಮ ಅಳತೆಯಲ್ಲಿ ಇರುತ್ತವೆ. ಈಗಿನ 64 ಬಿಟ್ ಯಂತ್ರಗಳಲ್ಲಿ ಪೈಥಾನ್ ಪಟ್ಟಿಯ ಒಂದು ಮನೆಗೆ 8 ಬೈಟ್. ಮೊದಲ ಮನೆಯ ವಿಳಾಸ ಗೊತ್ತಿದ್ದರೆ ಬೇಕಾದ ಮನೆಗೆ ಹೋಗಲು ಎಷ್ಟು ಮನೆ ದಾಟಬೇಕು ಎಂಬುದಷ್ಟೇ ಲೆಕ್ಕ. ಮೊದಲ ಮನೆಗೆ ಯಾವುದನ್ನೂ ದಾಟಬೇಕಾಗಿಲ್ಲ, ಆದ್ದರಿಂದ ಅದು ಸೊನ್ನೆ. ಮೂರನೆಯದಕ್ಕೆ ಎರಡು ದಾಟಬೇಕು: 2ನ್ನು 8ರಿಂದ ಗುಣಿಸಿ ಮೊದಲ ವಿಳಾಸಕ್ಕೆ ಕೂಡಿದರೆ ಸಾಕು. ಪಟ್ಟಿಯಲ್ಲಿ ಐದು ಹೆಸರಿರಲಿ ಐದು ಲಕ್ಷವಿರಲಿ, ಸ್ಥಾನ ಗೊತ್ತಿದ್ದ ಮೇಲೆ ಅಲ್ಲಿಗೆ ತಲುಪಲು ಹಿಡಿಯುವ ಸಮಯ ಒಂದೇ.

ಇನ್ನೊಂದು ಕಾರಣವನ್ನು ಡಚ್ ವಿಜ್ಞಾನಿ ಎಡ್ಸ್ಗರ್ ಡೈಕ್ಸ್ಟ್ರಾ 1982ರಲ್ಲಿ ಕೈಬರಹದ ಒಂದು ಪುಟ್ಟ ಟಿಪ್ಪಣಿಯಲ್ಲಿ ಕೊಟ್ಟರು. ಒಂದು ವ್ಯಾಪ್ತಿಯನ್ನು ಹೇಳುವಾಗ ಮೊದಲಿನದನ್ನು ಸೇರಿಸಿ ಕೊನೆಯದನ್ನು ಬಿಟ್ಟರೆ ಲೆಕ್ಕ ಅತ್ಯಂತ ಚೊಕ್ಕವಾಗಿ ಬರುತ್ತದೆ. ಹಾಗೆ ಹೇಳುವುದಾದರೆ ಸೊನ್ನೆಯಿಂದ ಎಣಿಸುವುದೇ ಸಹಜ ಎಂಬುದು ಅವರ ವಾದ. ಪೈಥಾನ್‌ನಲ್ಲಿ ಪಟ್ಟಿಯ ಒಂದು ತುಂಡನ್ನು ಕತ್ತರಿಸುವ ಕ್ರಮ ಇದೇ. ಹೋಬಳಿಗಳು[0:2] ಎಂದರೆ 0 ಮತ್ತು 1ನೇ ಸ್ಥಾನದವು, ಕಸಬಾ, ದೊಡ್ಡಬೆಳವಂಗಲ. ಹೋಬಳಿಗಳು[2:5] ಎಂದರೆ ಉಳಿದ ಮೂರು. 2 ಎಂಬ ಗಡಿ ಎರಡು ಕಡೆ ಬಂದರೂ ಯಾವ ಹೋಬಳಿಯೂ ಎರಡು ಸಲ ಬರಲಿಲ್ಲ, ಯಾವುದೂ ಬಿಟ್ಟುಹೋಗಲಿಲ್ಲ. ತುಂಡಿನ ಉದ್ದ ಎಷ್ಟೆಂದು ತಿಳಿಯಲು 5ರಲ್ಲಿ 2 ಕಳೆದರೆ ಆಯಿತು. ಹಿಂದಿನಿಂದ ಎಣಿಸಲು ಋಣಸಂಖ್ಯೆಗಳಿವೆ: ಹೋಬಳಿಗಳು[-1] ಎಂದರೆ ಕೊನೆಯ ತೂಬಗೆರೆ.

ಐದು ಅಂಶಗಳ ಪಟ್ಟಿಯಲ್ಲಿ 5ನೇ ಇಂಡೆಕ್ಸ್ ಇಲ್ಲ. ಹೋಬಳಿಗಳು[5] ಎಂದು ಕೇಳಿದರೆ ಪೈಥಾನ್ ದೋಷ ತೋರಿಸಿ ನಿಲ್ಲುತ್ತದೆ. ಹೀಗೆ ನಿಲ್ಲುವುದು ಪ್ರೋಗ್ರಾಮರ್ ಪಾಲಿಗೆ ಉಪಕಾರ. ಸಿ ಭಾಷೆಯಲ್ಲಿ ಅಂಥ ತಡೆ ಇಲ್ಲ. ಪಟ್ಟಿಯ ಗಡಿಯಾಚೆ ಮೆಮೊರಿಯಲ್ಲಿ ಬಿದ್ದಿರುವ ಏನನ್ನೋ ಓದಿಕೊಂಡು ಪ್ರೋಗ್ರಾಮ್ ಮುಂದೆ ಹೋಗಿಬಿಡಬಹುದು. ನಿಂತುಹೋದ ಪ್ರೋಗ್ರಾಮಿಗಿಂತ ತಪ್ಪು ಉತ್ತರ ಕೊಟ್ಟು ಓಡುತ್ತಲೇ ಇರುವ ಪ್ರೋಗ್ರಾಮ್ ಅಪಾಯದ್ದು, ಅದರಲ್ಲೂ ಆ ಉತ್ತರ ಒಬ್ಬರ ಜಮೀನಿಗೆ ಸಂಬಂಧಿಸಿದ್ದಾದರೆ. ಪೈಥಾನ್‌ನಲ್ಲೂ ಒಂದು ಎಚ್ಚರಿಕೆ ಬೇಕು: ತುಂಡು ಕತ್ತರಿಸುವಾಗ ಗಡಿ ಮೀರಿದರೆ ದೋಷ ಬರುವುದಿಲ್ಲ. ಹೋಬಳಿಗಳು[3:50] ಎಂದು ಕೇಳಿದರೆ ಸಿಕ್ಕ ಎರಡನ್ನು ಕೊಟ್ಟು ಸುಮ್ಮನಾಗುತ್ತದೆ.

ಪಟ್ಟಿಯನ್ನು ಬದಲಾಯಿಸುವ ಕೆಲಸಗಳಲ್ಲಿ ಸುಲಭದ್ದು ಕೊನೆಗೆ ಸೇರಿಸುವುದು. ಅದಕ್ಕೆ ಅಪೆಂಡ್. ಪೈಥಾನ್ ಪಟ್ಟಿ ಬೆಳೆಯುವಾಗ ಮುಂದೆ ಬೇಕಾದೀತೆಂದು ಸ್ವಲ್ಪ ಹೆಚ್ಚು ಜಾಗವನ್ನು ಮೊದಲೇ ಹಿಡಿದಿಟ್ಟುಕೊಳ್ಳುತ್ತದೆ, ಹಾಗಾಗಿ ಕೊನೆಗೆ ಸೇರಿಸುವುದು ಬೇಗ ಆಗುತ್ತದೆ. ನಡುವೆ ಸೇರಿಸಲು ಇನ್ಸರ್ಟ್ ಇದೆ. ಸೇರಿಸಿದ ಜಾಗದಿಂದಾಚೆಗಿನ ಎಲ್ಲ ಅಂಶಗಳೂ ಒಂದೊಂದು ಮನೆ ಹಿಂದಕ್ಕೆ ಸರಿಯುತ್ತವೆ. ಮೌಲ್ಯ ಹೇಳಿ ತೆಗೆಯಲು ರಿಮೂವ್, ಸ್ಥಾನ ಹೇಳಿ ತೆಗೆಯಲು ಪಾಪ್. ರಿಮೂವ್ ತೆಗೆಯುವುದು ಮೊದಲು ಸಿಕ್ಕಿದ್ದನ್ನು ಮಾತ್ರ. ಅದೇ ಮೌಲ್ಯ ಮುಂದೆ ಮತ್ತೆ ಇದ್ದರೆ ಅದು ಹಾಗೇ ಉಳಿಯುತ್ತದೆ.

ಒಂದು ಅಂಶದ ಜಾಗಕ್ಕೆ ಹಲವನ್ನು ತರಬೇಕಾದಾಗ ಏನು ಮಾಡುವುದು? ಹಕ್ಕುದಾರರು ತೀರಿಕೊಂಡಾಗ ಮಾಡುವ ಪೌತಿ ಖಾತೆಯಲ್ಲಿ ಆಗುವುದು ಇದೇ. ಪಹಣಿಯ 9ನೇ ಕಾಲಂ ಹಕ್ಕುದಾರರ ಹೆಸರಿನದು. ಜಂಟಿ ಖಾತೆಯಲ್ಲಿ ಮೂವರಿದ್ದು ನಡುವಿನವರು ತೀರಿಕೊಂಡರೆ, ಆ ಹೆಸರು ಹೋಗಿ ವಾರಸುದಾರರ ಹೆಸರುಗಳು ಬರಬೇಕು.

ಹಕ್ಕುದಾರರು = ["ಅಣ್ಣ", "ತಮ್ಮ", "ಚಿಕ್ಕಪ್ಪ"]

ಈಗ ಹಕ್ಕುದಾರರು[1] = ["ಹೆಂಡತಿ", "ಮಗ", "ಮಗಳು"] ಎಂದು ಬರೆದರೆ ಪಟ್ಟಿಯಲ್ಲಿ ಇರುವುದು ಆಗಲೂ ಮೂರೇ ಅಂಶ: ಅಣ್ಣ, ಒಂದು ಒಳಪಟ್ಟಿ, ಚಿಕ್ಕಪ್ಪ. ಹೆಂಡತಿ ಮಕ್ಕಳ ಹೆಸರುಗಳು ಒಂದೇ ಮನೆಯೊಳಗೆ ಗಂಟುಬಿದ್ದಿರುತ್ತವೆ. "ಮಗಳು" ಎಂಬ ಹೆಸರು ಪಟ್ಟಿಯಲ್ಲಿ ಇದೆಯೇ ಎಂದು ಕೇಳಿದರೆ ಇಲ್ಲ ಎಂಬ ಉತ್ತರ ಬರುತ್ತದೆ. ಅದರ ಬದಲು ಹಕ್ಕುದಾರರು[1:2] = ["ಹೆಂಡತಿ", "ಮಗ", "ಮಗಳು"] ಎಂದರೆ, 1ನೇ ಸ್ಥಾನದ ಒಂದು ಅಂಶವಿರುವ ತುಂಡನ್ನು ತೆಗೆದು ಅಲ್ಲಿ ಮೂರು ಅಂಶಗಳನ್ನು ಸಾಲಾಗಿ ಕೂರಿಸಿದಂತೆ. ಈಗ ಪಟ್ಟಿಯಲ್ಲಿ ಐದು ಹೆಸರು, ಪ್ರತಿಯೊಂದಕ್ಕೂ ತನ್ನದೇ ಸ್ಥಾನ. ಎರಡು ಸಾಲುಗಳಿಗೂ ಇರುವ ವ್ಯತ್ಯಾಸ ಒಂದು ಕೋಲನ್ (:) ಮತ್ತು ಒಂದು ಅಂಕಿ. ಅಪೆಂಡ್ ಮತ್ತು ಎಕ್ಸ್‌ಟೆಂಡ್ ನಡುವೆ ಇರುವ ಭೇದವೂ ಇದೇ ಬಗೆಯದು: ಒಂದು ಪಟ್ಟಿಯನ್ನು ಅಪೆಂಡ್ ಮಾಡಿದರೆ ಅದು ಇಡಿಯಾಗಿ ಒಂದೇ ಅಂಶವಾಗಿ ಕೂರುತ್ತದೆ, ಎಕ್ಸ್‌ಟೆಂಡ್ ಮಾಡಿದರೆ ಬಿಡಿಬಿಡಿಯಾಗಿ ಸೇರುತ್ತದೆ.

ಪಟ್ಟಿಯ ಮೇಲೆ ಹೆಚ್ಚಾಗಿ ನಡೆಯುವ ಕೆಲಸ ಮೊದಲಿನಿಂದ ಕೊನೆಯವರೆಗೆ ಒಂದೊಂದೇ ಅಂಶವನ್ನು ತೆಗೆದುಕೊಂಡು ನೋಡುವುದು. ಇದಕ್ಕೆ ಲೂಪ್ ಬಳಸುತ್ತಾರೆ. ಎಣಿಸುವುದು, ಕೂಡುವುದು, ಅತಿ ದೊಡ್ಡದನ್ನು ಹುಡುಕುವುದು, ಷರತ್ತಿಗೆ ಹೊಂದುವವನ್ನು ಆರಿಸಿ ಹೊಸ ಪಟ್ಟಿ ಮಾಡುವುದು ಎಲ್ಲವೂ ಇದರ ರೂಪಗಳೇ. ಕೂಡುವುದಂತೂ ಸರಳವೆಂದು ತೋರುತ್ತದೆ, ಆದರೆ ಪಹಣಿಯ ವಿಸ್ತೀರ್ಣವನ್ನು ಕೂಡಲು ಹೋದವರಿಗೆ ಅದರ ಕಷ್ಟ ತಿಳಿಯುತ್ತದೆ. ಒಂದು ಎಕರೆ 20 ಗುಂಟೆಯನ್ನು 1.20 ಎಂಬಂತೆ ಚುಕ್ಕೆಯಿಟ್ಟು ಬರೆಯುವ ರೂಢಿಯಿದೆ. ಮೂರು ಹಿಸ್ಸೆಗಳ ವಿಸ್ತೀರ್ಣವನ್ನು [1.20, 1.30, 0.25] ಎಂದು ಪಟ್ಟಿ ಮಾಡಿ ಕೂಡಿದರೆ ಕಂಪ್ಯೂಟರ್ 2.75 ಎನ್ನುತ್ತದೆ. ಎಕರೆಗೆ 40 ಗುಂಟೆ. 75 ಗುಂಟೆ ಎಂಬ ಮಾತೇ ಅಲ್ಲಿ ಕೂಡದು. ಸರಿಯಾದ ದಾರಿ ಎಲ್ಲವನ್ನೂ ಗುಂಟೆಯಲ್ಲಿ ಇಡುವುದು: [60, 70, 25]. ಮೊತ್ತ 155. 40ರಿಂದ ಭಾಗಿಸಿದರೆ 3 ಎಕರೆ, ಶೇಷ 35 ಗುಂಟೆ. ಆಣೆಯವರೆಗೆ ಲೆಕ್ಕ ಬೇಕಿದ್ದರೆ ಗುಂಟೆಗೆ 16 ಆಣೆಯಂತೆ ಆಣೆಯಲ್ಲೇ ಇಡಬೇಕು. ಪಟ್ಟಿಗೆ ತುಂಬುವ ಮೊದಲೇ ಪ್ರತಿ ಅಂಶದ ಅಳತೆಮಾನ ಒಂದೇ ಆಗಿರುವಂತೆ ನೋಡಿಕೊಳ್ಳುವುದು ಪ್ರೋಗ್ರಾಮರ್ ಹೊಣೆ, ಪಟ್ಟಿ ಅದನ್ನು ಕೇಳುವುದಿಲ್ಲ. ಖಾಲಿ ಪಟ್ಟಿಯನ್ನೂ ನೆನಪಿನಲ್ಲಿಡಬೇಕು. ಅದರ ಮೊತ್ತ ಸೊನ್ನೆ, ಅದು ಸರಿ. ಸರಾಸರಿ ಕೇಳಿದರೆ ಸೊನ್ನೆಯಿಂದ ಭಾಗಿಸಬೇಕಾಗಿ ಬಂದು ಪ್ರೋಗ್ರಾಮ್ ನಿಲ್ಲುತ್ತದೆ.

ಲೂಪ್ ನಡೆಯುತ್ತಿರುವಾಗಲೇ ಅದೇ ಪಟ್ಟಿಯಿಂದ ಅಂಶಗಳನ್ನು ತೆಗೆಯುವುದು ಹೊಸಬರಷ್ಟೇ ಅಲ್ಲ, ಪಳಗಿದವರೂ ಮಾಡುವ ತಪ್ಪು. [10, 0, 0, 5] ಎಂಬ ಪಟ್ಟಿಯಲ್ಲಿ ಸೊನ್ನೆಗಳನ್ನೆಲ್ಲ ತೆಗೆಯಬೇಕೆನ್ನಿ. ಲೂಪ್ ಮೊದಲು 0ನೇ ಸ್ಥಾನ ನೋಡುತ್ತದೆ: 10, ಬಿಡುತ್ತದೆ. 1ನೇ ಸ್ಥಾನದಲ್ಲಿ ಸೊನ್ನೆ, ತೆಗೆಯುತ್ತದೆ. ತೆಗೆದ ಕೂಡಲೇ ಪಟ್ಟಿ [10, 0, 5] ಆಗುತ್ತದೆ. ಎರಡನೆಯ ಸೊನ್ನೆ ಸರಿದು 1ನೇ ಸ್ಥಾನಕ್ಕೆ ಬಂದು ಕೂರುತ್ತದೆ. ಲೂಪ್ ಆ ಸ್ಥಾನವನ್ನು ನೋಡಿಯಾಗಿದೆ, ಮುಂದೆ ನೋಡುವುದು 2ನೇ ಸ್ಥಾನವನ್ನು. ಅಲ್ಲಿರುವುದು 5. ಹೀಗೆ ಒಂದು ಸೊನ್ನೆ ಕಣ್ಣು ತಪ್ಪಿಸಿ ಉಳಿಯುತ್ತದೆ, ಯಾವ ದೋಷಸಂದೇಶವೂ ಬರುವುದಿಲ್ಲ. ಬೇಕಾದವನ್ನು ಮಾತ್ರ ಆರಿಸಿ ಹೊಸ ಪಟ್ಟಿ ಕಟ್ಟುವುದು ಇದಕ್ಕೆ ನಂಬಬಹುದಾದ ದಾರಿ.

ಇನ್ನು ವಿಂಗಡಣೆ. ಸರ್ವೆ ನಂಬರುಗಳನ್ನು ಪಠ್ಯವಾಗಿ ಇಟ್ಟು ಏರಿಕೆಯ ಕ್ರಮದಲ್ಲಿ ಜೋಡಿಸಲು ಹೇಳಿದರೆ "2", "10", "45", "100" ಎಂಬವು "10", "100", "2", "45" ಆಗಿ ಬರುತ್ತವೆ. ಪಠ್ಯಗಳ ಹೋಲಿಕೆ ಎಡದಿಂದ ಒಂದೊಂದೇ ಅಕ್ಷರ ನೋಡುತ್ತ ನಡೆಯುತ್ತದೆ. 1 ಎಂಬ ಅಕ್ಷರ 2ಕ್ಕಿಂತ ಮೊದಲು, ಅಷ್ಟೇ ಅದಕ್ಕೆ ಗೊತ್ತು. ಹಿಸ್ಸೆಗಳಲ್ಲೂ ಇದೇ ಗತಿ: 45/1ರ ನಂತರ 45/10 ಬಂದು, 45/2 ಅದರ ಹಿಂದೆ ನಿಲ್ಲುತ್ತದೆ. ಓರೆಗೆರೆಯ ಬಳಿ ಒಡೆದು ಎರಡು ಸಂಖ್ಯೆಗಳ ಪುಟ್ಟ ಪಟ್ಟಿಯಾಗಿ ಇಟ್ಟುಕೊಂಡರೆ ತೊಡಕು ಬಿಡುತ್ತದೆ: [45, 1], [45, 2], [45, 10]. ಎರಡು ಪಟ್ಟಿಗಳನ್ನು ಹೋಲಿಸುವಾಗ ಪೈಥಾನ್ ಮೊದಲ ಅಂಶಗಳನ್ನು ನೋಡುತ್ತದೆ, ಅವು ಸಮವಾಗಿದ್ದರೆ ಎರಡನೆಯದಕ್ಕೆ ಹೋಗುತ್ತದೆ. ಹಿಸ್ಸಾ 2ಎ, 2ಬಿ ಎಂದು ಅಕ್ಷರ ಸೇರಿಕೊಂಡಿದ್ದರೆ ಅಂಕಿ ಒಂದು ಕಡೆ, ಅಕ್ಷರ ಇನ್ನೊಂದು ಕಡೆ ಮಾಡಿ ಮೂರು ಭಾಗ ಮಾಡಬೇಕು. ಸಂಖ್ಯೆಯನ್ನೂ ಪಠ್ಯವನ್ನೂ ಒಂದೇ ಸ್ಥಾನದಲ್ಲಿ ಬೆರೆಸಿಟ್ಟರೆ ಯಾವುದು ದೊಡ್ಡದೆಂದು ಹೇಳಲಾರದೆ ಪೈಥಾನ್ ದೋಷ ತೋರಿಸುತ್ತದೆ.

ಕನ್ನಡ ಹೆಸರುಗಳ ವಿಂಗಡಣೆಗೆ ಇನ್ನೂ ಒಂದು ಸೂಕ್ಷ್ಮವಿದೆ. ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನು ಜೋಡಿಸಲು ಹೇಳಿದರೆ ದೇವನಹಳ್ಳಿ, ದೊಡ್ಡಬಳ್ಳಾಪುರ, ನೆಲಮಂಗಲ, ಹೊಸಕೋಟೆ ಎಂದು ಸರಿಯಾಗಿಯೇ ಬರುತ್ತವೆ. ಆದರೆ ಹಳ್ಳಿ, ಹಸು ಎಂಬ ಎರಡು ಪದಗಳನ್ನು ಕೊಟ್ಟರೆ ಹಳ್ಳಿ ಮುಂದೆ ಬರುತ್ತದೆ. ನಮ್ಮ ವರ್ಣಮಾಲೆಯಲ್ಲಿ ಳ ಇರುವುದು ಹ ಆದಮೇಲೆ, ಕಟ್ಟಕಡೆಗೆ. ನಿಘಂಟಿನಲ್ಲಿ ಹಸು ಮೊದಲು, ಹಳ್ಳಿ ಆಮೇಲೆ. ಯೂನಿಕೋಡ್‌ನಲ್ಲಿ ಮಾತ್ರ ಳ ಅಕ್ಷರವನ್ನು ಲ ಪಕ್ಕದಲ್ಲಿ, ವ ಅಕ್ಷರಕ್ಕೂ ಮೊದಲು ಇಟ್ಟಿದ್ದಾರೆ. ಭಾರತದ ಲಿಪಿಗಳಿಗೆಲ್ಲ ಒಂದೇ ವಿನ್ಯಾಸ ಮಾಡಿದ್ದ ಇಸ್ಕಿ ಸಂಕೇತಪದ್ಧತಿಯಿಂದ ಬಂದ ಕ್ರಮ ಇದು. ಪೈಥಾನ್‌ನ ಸಾರ್ಟ್ ಹೋಲಿಸುವುದು ಈ ಸಂಕೇತಸಂಖ್ಯೆಗಳನ್ನೇ. ಊರಿನ ಹೆಸರುಗಳಲ್ಲಿ ಹಳ್ಳಿ, ಹೊಳೆ, ಬಳ್ಳಿ, ಕೊಳಗಳು ತುಂಬಿರುವ ನಾಡಿನಲ್ಲಿ ಇದು ಅಪರೂಪದ ಸಮಸ್ಯೆಯಲ್ಲ. ಪರಿಹಾರವೂ ಕಷ್ಟದ್ದಲ್ಲ: ಪ್ರತಿ ಅಕ್ಷರಕ್ಕೆ ವರ್ಣಮಾಲೆಯಲ್ಲಿರುವ ಸ್ಥಾನವನ್ನು ಕೊಡುವ ಒಂದು ಸಣ್ಣ ಫಂಕ್ಷನ್ ಬರೆದು, ವಿಂಗಡಿಸುವಾಗ ಅದನ್ನೇ ಕೀ ಎಂದು ಒಪ್ಪಿಸಬೇಕು. ಕನ್ನಡದಲ್ಲಿ ಪಟ್ಟಿ ತೋರಿಸುವ ಪ್ರತಿಯೊಂದು ತಂತ್ರಾಂಶವೂ ಈ ಕೆಲಸವನ್ನು ಮಾಡಲೇಬೇಕು. ಓದುಗರು ನಿಘಂಟಿನ ಕ್ರಮದಲ್ಲಿ ಹುಡುಕುತ್ತಾರೆ, ಸಂಕೇತಸಂಖ್ಯೆಯ ಕ್ರಮದಲ್ಲಿ ಅಲ್ಲ.

ಪೈಥಾನ್‌ನ ವಿಂಗಡಣೆಯ ವಿಧಾನವನ್ನು ಟಿಮ್ ಪೀಟರ್ಸ್ 2002ರಲ್ಲಿ ರೂಪಿಸಿದರು. ಅವರ ಹೆಸರಿನಿಂದಲೇ ಅದು ಟಿಮ್‌ಸಾರ್ಟ್. ಮುಂದೆ ಜಾವಾ ಕೂಡ ಅದನ್ನು ತೆಗೆದುಕೊಂಡಿತು. ಅದರ ಒಂದು ಗುಣ ಇಲ್ಲಿ ಮುಖ್ಯ: ಹೋಲಿಕೆಯಲ್ಲಿ ಸಮವಾಗಿರುವ ಅಂಶಗಳ ಹಿಂದಿನ ಕ್ರಮವನ್ನು ಅದು ಕೆಡಿಸುವುದಿಲ್ಲ. ಬಂದ ಸರದಿಯಲ್ಲಿರುವ ಅರ್ಜಿಗಳನ್ನು ಗ್ರಾಮವಾರು ವಿಂಗಡಿಸಿದರೆ, ಮಧುರೆಯ ಅರ್ಜಿಗಳು ಒಂದು ಕಡೆ, ಕನಸವಾಡಿಯವು ಒಂದು ಕಡೆ ಸೇರುತ್ತವೆ, ಮತ್ತು ಆಯಾ ಗ್ರಾಮದೊಳಗೆ ಮೊದಲು ಬಂದದ್ದು ಮೊದಲೇ ಉಳಿಯುತ್ತದೆ. ಇಂಥ ಖಾತರಿ ಎಲ್ಲ ವಿಧಾನಗಳಿಗೂ ಇಲ್ಲ. ಟೋನಿ ಹೋರ್ 1961ರಲ್ಲಿ ಪ್ರಕಟಿಸಿದ ಪ್ರಸಿದ್ಧ ಕ್ವಿಕ್‌ಸಾರ್ಟ್ ಅತಿ ವೇಗದ್ದಾದರೂ ಅದರ ಸಾಮಾನ್ಯ ರೂಪದಲ್ಲಿ ಸಮಾನರ ಸರದಿ ಅದಲುಬದಲಾಗಬಹುದು. ಸಾರ್ಟ್ ಮತ್ತು ಸಾರ್ಟೆಡ್ ಎಂಬ ಎರಡರ ಭೇದವನ್ನೂ ಇಲ್ಲೇ ಹೇಳಬೇಕು. ಸಾರ್ಟ್ ಇದ್ದ ಪಟ್ಟಿಯನ್ನೇ ತಿದ್ದುತ್ತದೆ, ಹಿಂದಿರುಗಿ ಏನನ್ನೂ ಕೊಡುವುದಿಲ್ಲ. ಅದರ ಫಲವನ್ನು ಬೇರೆ ಹೆಸರಿಗೆ ತುಂಬಲು ಹೋದರೆ ಕೈಗೆ ಸಿಗುವುದು None, ಅಂದರೆ ಏನೂ ಇಲ್ಲ. ಸಾರ್ಟೆಡ್ ಹಳೆಯದನ್ನು ಮುಟ್ಟದೆ ಹೊಸ ಪಟ್ಟಿಯನ್ನು ಕೊಡುತ್ತದೆ. ಬಂದ ಸರದಿಯೇ ಹಕ್ಕಾಗಿರುವ ಕಡೆ ಮೂಲಪಟ್ಟಿಯನ್ನು ಮುಟ್ಟದಿರುವುದು ಮೇಲು.

ವಿಂಗಡಣೆಯ ನಿಜವಾದ ಪ್ರತಿಫಲ ಹುಡುಕುವಾಗ ಸಿಗುತ್ತದೆ. ಕ್ರಮವಿಲ್ಲದ ಪಟ್ಟಿಯಲ್ಲಿ ಒಂದನ್ನು ಹುಡುಕಬೇಕಾದರೆ ಮೊದಲಿನಿಂದ ನೋಡುತ್ತ ಹೋಗುವುದೊಂದೇ ದಾರಿ. 2 ಕೋಟಿ ದಾಖಲೆಗಳಲ್ಲಿ ಸರಾಸರಿ 1 ಕೋಟಿ ಹೋಲಿಕೆ ಬೇಕಾದೀತು. ವಿಂಗಡಿಸಿದ ಪಟ್ಟಿಯಾದರೆ ನಡುವಿನದನ್ನು ನೋಡಿ, ಬೇಕಾದದ್ದು ಅದಕ್ಕಿಂತ ಮುಂದಿದೆಯೋ ಹಿಂದಿದೆಯೋ ಎಂದು ತಿಳಿದು, ಅರ್ಧವನ್ನು ಒಂದೇ ಸಲಕ್ಕೆ ಬಿಟ್ಟುಬಿಡಬಹುದು. ಉಳಿದ ಅರ್ಧದಲ್ಲಿ ಮತ್ತೆ ಹಾಗೆಯೇ. ಹೀಗೆ ಮಾಡಿದರೆ 2 ಕೋಟಿಗೆ ಹೆಚ್ಚೆಂದರೆ 25 ಹೋಲಿಕೆ ಸಾಕು, ಏಕೆಂದರೆ 2ನ್ನು 25 ಸಲ ಗುಣಿಸಿದರೆ 3 ಕೋಟಿ 35 ಲಕ್ಷ ದಾಟುತ್ತದೆ. ಬೈನರಿ ಸರ್ಚ್ ಎಂಬ ಈ ಉಪಾಯ ಕೇಳಲು ಸುಲಭ, ಬರೆಯಲು ಮೋಸದ್ದು. ಅದರ ವಿವರಣೆ ಮೊದಲು ಪ್ರಕಟವಾದದ್ದು 1946ರಲ್ಲಾದರೆ, ಎಲ್ಲ ಗಾತ್ರದ ಪಟ್ಟಿಗಳಿಗೂ ಸರಿಹೋಗುವ ರೂಪ 1960ರವರೆಗೆ ಪ್ರಕಟವಾಗಲಿಲ್ಲ ಎಂದು ಡೊನಾಲ್ಡ್ ಕ್ನೂತ್ ದಾಖಲಿಸಿದ್ದಾರೆ. ಜಾವಾದ ಗ್ರಂಥಾಲಯದಲ್ಲಿದ್ದ ಬೈನರಿ ಸರ್ಚ್‌ನಲ್ಲೂ ಒಂದು ದೋಷವಿತ್ತೆಂದು ಜೋಶುವಾ ಬ್ಲಾಕ್ 2006ರಲ್ಲಿ ಬರೆದರು. ಅತಿ ದೊಡ್ಡ ಪಟ್ಟಿಗಳಲ್ಲಿ ನಡುವಿನ ಸ್ಥಾನ ಕಂಡುಹಿಡಿಯಲು ಎರಡು ಇಂಡೆಕ್ಸ್‌ಗಳನ್ನು ಕೂಡುವಾಗ ಮೊತ್ತ ಮಿತಿಮೀರುತ್ತಿತ್ತು.

ಹುಡುಕಾಟದಲ್ಲೂ ಕನ್ನಡಕ್ಕೆ ಸೇರಿದ ತೊಡಕೊಂದಿದೆ. ದೊಡ್ಡಬಳ್ಳಾಪುರ ಎಂಬ ಹೆಸರಿನ ಮೊದಲ ಅಕ್ಷರದ ಒತ್ವವನ್ನು ಯೂನಿಕೋಡ್‌ನಲ್ಲಿ ಎರಡು ಬಗೆಯಲ್ಲಿ ಬರೆಯಬಹುದು: ಒಂದೇ ಸಂಕೇತವಾಗಿ, ಅಥವಾ ಎತ್ವ ಮತ್ತು ದೀರ್ಘ ಉಕಾರದ ಎರಡು ಸಂಕೇತಗಳನ್ನು ಜೋಡಿಸಿ. ತೆರೆಯ ಮೇಲೆ ಎರಡೂ ಒಂದೇ. ಕಂಪ್ಯೂಟರ್‌ಗೆ ಅವು ಬೇರೆ ಬೇರೆ ಹೆಸರು. ಒಂದರಂತೆ ಬರೆದು ಇನ್ನೊಂದನ್ನು ಹುಡುಕಿದರೆ ಪಟ್ಟಿಯಲ್ಲಿ ಇಲ್ಲ ಎನ್ನುತ್ತದೆ. ಪಟ್ಟಿಗೆ ಸೇರಿಸುವ ಮುನ್ನ ಪ್ರತಿ ಹೆಸರನ್ನೂ ಒಂದೇ ರೂಪಕ್ಕೆ ತರುವ ಸೌಲಭ್ಯ ಪೈಥಾನ್‌ನಲ್ಲೇ ಇದೆ, ಅದನ್ನು ತಪ್ಪದೆ ಬಳಸಬೇಕು. ಪಠ್ಯವೆಂದರೆ ಸಂಕೇತಗಳ ಸಾಲು ಎಂಬುದನ್ನು ನೆನಪಿಡಲು ಇನ್ನೊಂದು ಸುಲಭದ ಉದಾಹರಣೆ: "ಮಧುರೆ" ನಮ್ಮ ಕಣ್ಣಿಗೆ ಮೂರು ಅಕ್ಷರ, ಪೈಥಾನ್ ಎಣಿಸಿದರೆ 5. ಮ, ಧ, ಉಕಾರ, ರ, ಎಕಾರ.

ಅರ್ಜಿಗಳ ಸರದಿಗೆ ಮತ್ತೆ ಬರುವುದಾದರೆ, ಭೂಮಿ ತಂತ್ರಾಂಶದ ಬಹುಮುಖ್ಯ ಗುಣವೆಂದು ಹೇಳಬೇಕಾದದ್ದು ಅದೇ. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಕ್ರಮದಲ್ಲೇ ವಿಲೇವಾರಿ ಮಾಡುವಂತೆ ಅದನ್ನು ಕಟ್ಟಲಾಯಿತು. ಹಿಂದಿನ ಅರ್ಜಿಯನ್ನು ಬಿಟ್ಟು ಮುಂದಿನದನ್ನು ಎತ್ತಿಕೊಳ್ಳುವ ಅವಕಾಶವನ್ನು ಅಧಿಕಾರಿಯ ಕೈಯಿಂದ ತಂತ್ರಾಂಶವೇ ತಪ್ಪಿಸಿತು. ಮೊದಲು ಬಂದದ್ದು ಮೊದಲು ಹೊರಡುವ ಈ ಏರ್ಪಾಡಿಗೆ ಪ್ರೋಗ್ರಾಮಿಂಗ್‌ನಲ್ಲಿ ಕ್ಯೂ ಎನ್ನುತ್ತಾರೆ. ಕೊನೆಗೆ ಬಂದದ್ದು ಮೊದಲು ಹೊರಟರೆ ಅದು ಸ್ಟ್ಯಾಕ್. ಎರಡನ್ನೂ ಪಟ್ಟಿಯಿಂದಲೇ ಮಾಡಬಹುದು. ಅಪೆಂಡ್ ಮಾಡಿ ಕೊನೆಯಿಂದ ಪಾಪ್ ಮಾಡಿದರೆ ಸ್ಟ್ಯಾಕ್, ಮೊದಲ ಸ್ಥಾನದಿಂದ ಪಾಪ್ ಮಾಡಿದರೆ ಕ್ಯೂ. ಮೊದಲನೆಯದನ್ನು ತೆಗೆದಾಗ ಹಿಂದಿನವೆಲ್ಲ ಒಂದೊಂದು ಮನೆ ಮುಂದೆ ಬರಬೇಕಲ್ಲ, ಅದಕ್ಕೆ ಬೆಲೆಯಿದೆ. 1,000 ಅರ್ಜಿಗಳನ್ನು ಹೀಗೆ ಒಂದೊಂದೇ ತೆಗೆದರೆ 999, 998, 997 ಎಂದು ಕೂಡುತ್ತ ಸುಮಾರು 5 ಲಕ್ಷ ಸಲ ಸರಿಸಬೇಕಾಗುತ್ತದೆ. ಪೈಥಾನ್‌ನಲ್ಲಿ ಎರಡೂ ತುದಿಯಿಂದ ಬೇಗ ತೆಗೆಯಬಲ್ಲ ಡೆಕ್ ಎಂಬ ರಚನೆ ಇದಕ್ಕೆಂದೇ ಇದೆ.

ಸರಿಸದೆಯೇ ಸೇರಿಸಿ ತೆಗೆಯಬಲ್ಲ ಪಟ್ಟಿಯ ಆಲೋಚನೆ ತುಂಬ ಹಳೆಯದು. 1950ರ ದಶಕದ ನಡುವಿನಲ್ಲಿ ಅಲೆನ್ ನ್ಯೂವೆಲ್, ಕ್ಲಿಫ್ ಶಾ, ಹರ್ಬರ್ಟ್ ಸೈಮನ್ ಕೊಂಡಿಪಟ್ಟಿಯನ್ನು ರೂಪಿಸಿದರು. ಅಲ್ಲಿ ಪ್ರತಿ ಅಂಶವೂ ತನ್ನ ಮುಂದಿನದು ಮೆಮೊರಿಯಲ್ಲಿ ಎಲ್ಲಿದೆ ಎಂಬುದನ್ನು ಜೊತೆಗೇ ಇಟ್ಟುಕೊಂಡಿರುತ್ತದೆ. 1958ರಲ್ಲಿ ಜಾನ್ ಮೆಕಾರ್ಥಿ ಅದೇ ತಳಹದಿಯ ಮೇಲೆ ಲಿಸ್ಪ್ ಭಾಷೆಯನ್ನು ಕಟ್ಟಿದರು, ಅದರಲ್ಲಿ ಪ್ರೋಗ್ರಾಮ್ ಕೂಡ ಒಂದು ಪಟ್ಟಿ. ಕೊಂಡಿಪಟ್ಟಿಯಲ್ಲಿ ಜಾಗ ಸಿಕ್ಕ ಮೇಲೆ ಸೇರಿಸುವುದು ಸಲೀಸು, ಆದರೆ ನೂರನೆಯ ಅಂಶ ಬೇಕೆಂದರೆ ತೊಂಬತ್ತೊಂಬತ್ತನ್ನು ದಾಟಿಯೇ ಹೋಗಬೇಕು.

ಪಟ್ಟಿಯೊಳಗೆ ಪಟ್ಟಿ ಇಟ್ಟಾಗ ಮತ್ತು ಪಟ್ಟಿಯ ನಕಲು ಮಾಡುವಾಗ ಆಗುವ ತಪ್ಪುಗಳು ಎಲ್ಲಕ್ಕಿಂತ ಹುಡುಕಲು ಕಷ್ಟದವು. ನಕಲು = ಮೂಲ ಎಂದು ಬರೆದರೆ ನಕಲು ಆಗುವುದಿಲ್ಲ; ಒಂದೇ ಪಟ್ಟಿಗೆ ಎರಡು ಹೆಸರಾಗುತ್ತದೆ. ನಕಲಿನಲ್ಲಿ ತಿದ್ದಿದ್ದು ಮೂಲದಲ್ಲೂ ತಿದ್ದಿರುತ್ತದೆ. ನಕಲು = ಮೂಲ[:] ಎಂದರೆ ಬೇರೆ ಪಟ್ಟಿ ಹುಟ್ಟುತ್ತದೆ, ಆದರೆ ಒಳಪಟ್ಟಿಗಳಿದ್ದರೆ ಅವು ಎರಡಕ್ಕೂ ಹಂಚಿಕೆಯಾಗಿಯೇ ಉಳಿಯುತ್ತವೆ. ಮೂರು ಸರ್ವೆ ನಂಬರುಗಳಿಗೆ ಮುಂಗಾರು, ಹಿಂಗಾರು, ಬೇಸಿಗೆ ಎಂದು ಮೂರು ಹಂಗಾಮಿನ ಬೆಳೆ ವಿಸ್ತೀರ್ಣ ಬರೆಯಲು ಒಂದು ಕೋಷ್ಟಕ ಬೇಕೆನ್ನಿ. ಬೆಳೆ = [[0] * 3] * 3 ಎಂದು ಚುಟುಕಾಗಿ ಬರೆಯಬಹುದೆಂದು ತೋರುತ್ತದೆ. ಮೊದಲ ಜಮೀನಿನ ಮುಂಗಾರಿಗೆ 30 ಗುಂಟೆ ರಾಗಿ ಎಂದು ಬೆಳೆ[0][0] = 30 ಮಾಡಿ ನೋಡಿದರೆ ಮೂರೂ ಜಮೀನಿನಲ್ಲಿ 30 ಗುಂಟೆ ರಾಗಿ ಬೆಳೆದಿರುತ್ತದೆ. ಹೊರಗಿನ ಗುಣಾಕಾರ ಒಂದೇ ಸಾಲನ್ನು ಮೂರು ಕಡೆ ತೋರಿಸಿತೇ ಹೊರತು ಮೂರು ಸಾಲುಗಳನ್ನು ಮಾಡಲಿಲ್ಲ. ಪ್ರತಿ ಸಾಲನ್ನೂ ಲೂಪ್‌ನಲ್ಲಿ ಹೊಸದಾಗಿ ಕಟ್ಟಬೇಕು. ಇರುವ ಕೋಷ್ಟಕವನ್ನು ಪೂರ್ತಿ ಬೇರ್ಪಡಿಸಬೇಕಾದರೆ ಒಳಹೊಕ್ಕು ನಕಲಿಸುವ ಡೀಪ್‌ಕಾಪಿ ಬಳಸಬೇಕು.

ಎಲ್ಲ ಕೆಲಸಕ್ಕೂ ಪಟ್ಟಿ ತಕ್ಕುದಲ್ಲ. ಸರ್ವೆ ನಂಬರು ಹೇಳಿದ ಕೂಡಲೇ ದಾಖಲೆ ಸಿಗಬೇಕು, ಕ್ರಮ ಮುಖ್ಯವಲ್ಲ ಎಂದಾದರೆ ಡಿಕ್ಷನರಿ ಮೇಲು. ಒಂದು ಹೆಸರು ಇದೆಯೋ ಇಲ್ಲವೋ ಎಂಬುದಷ್ಟೇ ಬೇಕಿದ್ದರೆ, ಎರಡು ಸಲ ಬರಬಾರದೆಂದಿದ್ದರೆ ಸೆಟ್. ಮೂಲಪಟ್ಟಿ ಎಂದೂ ಬದಲಾಗಬಾರದು ಎಂದರೆ ಟ್ಯೂಪಲ್. ಕೋಟಿಗಟ್ಟಲೆ ದಾಖಲೆಗಳನ್ನು ಶಾಶ್ವತವಾಗಿ ಇಡುವುದು ಡೇಟಾಬೇಸ್‌ನ ಕೋಷ್ಟಕಗಳಲ್ಲಿ. 1970ರಲ್ಲಿ ಎಡ್ಗರ್ ಕಾಡ್ ಮಂಡಿಸಿದ ಆ ಮಾದರಿಯಲ್ಲಿ ಸಾಲುಗಳಿಗೆ ಸ್ವಂತ ಕ್ರಮ ಎಂಬುದಿಲ್ಲ. ಯಾವ ಕ್ರಮದಲ್ಲಿ ಬೇಕೆಂದು ಪ್ರಶ್ನೆಯಲ್ಲೇ ಹೇಳದಿದ್ದರೆ ಇಂದು ಒಂದು ಕ್ರಮದಲ್ಲಿ, ನಾಳೆ ಇನ್ನೊಂದು ಕ್ರಮದಲ್ಲಿ ಉತ್ತರ ಬರಬಹುದು. ಡೇಟಾಬೇಸ್‌ನಿಂದ ಪ್ರೋಗ್ರಾಮಿನ ಪಟ್ಟಿಗೆ ದಾಖಲೆಗಳನ್ನು ತುಂಬುವಾಗ ಅರ್ಜಿ ಬಂದ ದಿನಾಂಕ, ಅದೇ ದಿನ ಹಲವು ಬಂದಿದ್ದರೆ ಅರ್ಜಿಯ ಕ್ರಮಸಂಖ್ಯೆ, ಇವೆರಡನ್ನೂ ವಿಂಗಡಣೆಗೆ ಹೇಳಿಯೇ ತುಂಬಬೇಕು.